ಸುರತಿಯ ಹಿಮ್ಮಡಿ

ಅಹಮದಾಬಾದಿನ ಒಂದು ಬಟ್ಟೆ ಗಿರಣಿಯಲ್ಲಿ ನಾನು ಹೆಸರಿಗೆ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಹಾಜರಿ ಹಾಕಿ, ಮೇಜಿನ ಮುಂದೆ ಸ್ವಲ್ಪ ಹೊತ್ತು ಕೂತಂತೆ ಮಾಡಿದರೆ ಅಲ್ಲಿಗೆ ಗುಮಾಸ್ತಿಕೆ ಮುಗಿಯುತ್ತಿತ್ತು. ಗಿರಣಿ ನನ್ನನ್ನು ಸಾಕಿದ್ದು ಬಾಸ್ಕೆಟ್‌ಬಾಲ್ ಆಡುವುದಕ್ಕೆ. ಅರವತ್ತರ ದಶಕದ ಆ ದಿನಗಳಲ್ಲಿ ಶ್ರೀಮಂತ ಶೇಠರಿಗೆ ಒಂದೊಂದು ಆಟದ ಹುಚ್ಚು. ಒಬ್ಬರು ಕುಸ್ತಿಯವರನ್ನು ಸಾಕಿದರೆ ಇನ್ನೊಬ್ಬರು ಕ್ರಿಕೆಟಿನವರನ್ನು ಸಾಕುತ್ತಿದ್ದರು. ನಮ್ಮ ಶೇಠರು ಬಾಸ್ಕೆಟ್‌ಬಾಲ್ ತಂಡ ಕಟ್ಟಿದ್ದರು. ನಾನು ಧಾರವಾಡದ ಕಾಲೇಜಿನಲ್ಲಿ ಆಡಿ ಬಂದವನು. ರೈಲ್ವೆಯಲ್ಲಿದ್ದ ನನ್ನ ಅಣ್ಣನಿಗೆ ಅಹಮದಾಬಾದಿಗೆ ವರ್ಗವಾದಾಗ ಅವನ ಬೆನ್ನಿಗೆ ನಾನೂ ಬಂದೆ. ಸಾಬರಮತಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಣ್ಣ, ವೈನಿ, ನಾನು ಮೂವರೂ ಇದ್ದೆವು. ಗಿರಣಿಯಲ್ಲಿ ನನ್ನನ್ನು 'ಮದ್ರಾಸಿ' ಎಂದು ಕರೆಯುತ್ತಿದ್ದರು. ಧಾರವಾಡ ಮದ್ರಾಸಿನಲ್ಲಿಲ್ಲ ಎಂದು ಹೇಳಿ ಹೇಳಿ ಸಾಕಾಗಿ ನಾನೂ ಸುಮ್ಮನಾಗಿದ್ದೆ.

ಧಾರವಾಡ ಎಂಬ ಹೆಸರನ್ನು ಸರಿಯಾಗಿ ಹೇಳಲು ಕಲಿತವನು ತಂಡದಲ್ಲಿ ಒಬ್ಬನೇ. ಅವನು ಸೂರತ್ತಿನವನು, ತಾಪಿ ನದಿಯ ಆಚೆ ದಡದ ಅಡಾಜಣದ ರೈತರ ಮಗ. ಆಗ ಅಡಾಜಣವೆಂದರೆ ಹೊಲ, ಬಾವಿ, ಎತ್ತಿನ ಗಾಡಿ. ಅವನನ್ನು ಎಲ್ಲರೂ ಸುರತಿ ಎನ್ನುತ್ತಿದ್ದರು. ರೈಲಿನ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಅಟ್ಟದ ಮೇಲಿನ ತಂಬಿಗೆ ಇಳಿಸಿಕೊಳ್ಳುವವನ ಹಾಗೆ ಗಾಳಿಯಲ್ಲಿದ್ದ ಚೆಂಡನ್ನು ಒಂದೇ ಕೈಯಲ್ಲಿ ಇಳಿಸಿಕೊಳ್ಳುತ್ತಿದ್ದ. ಚಳಿಗಾಲದಲ್ಲಿ ಊರಿಗೆ ಹೋಗಿ ಬಂದಾಗ ಹುರಿದ ಹಸಿ ಜೋಳದ ಗಂಟು ತರುತ್ತಿದ್ದ. ಅವರು ಅದಕ್ಕೆ ಪೋಂಕ್ ಎನ್ನುತ್ತಾರೆ. ಮೊದಲ ಸಲ ಬಾಯಿಗೆ ಹಾಕಿಕೊಂಡಾಗ ನನಗೆ ಕಣ್ಣು ತುಂಬಿ ಬಂತು. ಅದು ನಮ್ಮ ಸೀತನಿ! ಹೀಗೆಂದು ಅವನಿಗೆ ಹೇಳಿದ ದಿನದಿಂದ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳೆಯರಾದೆವು.

ಇನ್ನು ಮ್ಯಾನೇಜರ್. ಗಿರಣಿಯ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ತಂಡದ ಉಸ್ತುವಾರಿಯನ್ನೂ ತಾನೇ ಕೇಳಿ ಪಡೆದುಕೊಂಡವನು. ಎದುರಿಗೆ ಸಾಹೇಬ್ ಎನ್ನುತ್ತಿದ್ದೆ. ಬರೆಯುವಾಗ ಏಕವಚನ ಸಾಕು. ಜೀವಮಾನದಲ್ಲಿ ಒಂದು ಸಲವೂ ಚೆಂಡು ಮುಟ್ಟಿದವನಲ್ಲ. ಅವನ ಒಂದೇ ದೌರ್ಬಲ್ಯವೆಂದರೆ, ಕರೆದಲ್ಲಿಗೆಲ್ಲ ಹೋಗುವುದು. ಯಾವ ಊರಿನ ಯಾವ ಸಂಘ ಪಂದ್ಯಕ್ಕೆ ಕರೆದರೂ ಇಲ್ಲವೆನ್ನುತ್ತಿರಲಿಲ್ಲ. ಅಲ್ಲಿ ವೇದಿಕೆ ಇರುತ್ತಿತ್ತು, ಕುರ್ಚಿ ಇರುತ್ತಿತ್ತು, ಕೊರಳಿಗೆ ಹೂಮಾಲೆ ಬೀಳುತ್ತಿತ್ತು. ಆಡುವವರು ಹೇಗೂ ನಾವು.

ದಣಿವಿನ ಮಾತು ಯಾರಾದರೂ ತೆಗೆದರೆ ಅವನದು ಒಂದೇ ಉತ್ತರ. "ಮಗ್ಗಗಳು ಮೂರೂ ಪಾಳಿ ಓಡುತ್ತವೆ. ನಿಮಗೆ ಒಂದು ಸಂಜೆ ಓಡೋಕೆ ಆಗಲ್ಲವಾ?"

ಮಗ್ಗಕ್ಕೆ ಎಣ್ಣೆ ಬಿಡುತ್ತಾರೆ, ಕೆಟ್ಟರೆ ನಿಲ್ಲಿಸಿ ರಿಪೇರಿ ಮಾಡುತ್ತಾರೆ ಎಂದು ಸುರತಿ ಒಮ್ಮೆ ನಗುತ್ತಲೇ ಹೇಳಿದ್ದ. ಮ್ಯಾನೇಜರ್ ನಗಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಗಿರಣಿ, ಕಾರ್ಖಾನೆಗಳ ತಂಡಗಳಿಗಾಗಿ ಮೂರು ಊರುಗಳಲ್ಲಿ ನಡೆಯುವ ಒಂದು ಪಂದ್ಯಾವಳಿ ಇತ್ತು. ನಮ್ಮ ಪಂದ್ಯ ಶುಕ್ರವಾರ ಅಹಮದಾಬಾದಿನಲ್ಲಿ, ಮುಂದಿನದು ಭಾನುವಾರ ಸೂರತ್ತಿನಲ್ಲಿ. ನಡುವೆ ಶನಿವಾರ ಬಿಡುವು. ಪಂದ್ಯಾವಳಿಯವರು ಯೋಚನೆ ಮಾಡಿಯೇ ಆ ಬಿಡುವು ಇಟ್ಟಿದ್ದರು. ಮ್ಯಾನೇಜರಿಗೆ ಅದು ಖಾಲಿ ಜಾಗದ ಹಾಗೆ ಕಂಡಿತು. ದಾರಿಯಲ್ಲೇ ಬರೋಡಾ ಸಿಗುತ್ತದಲ್ಲ, ಅಲ್ಲಿಯ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಪ್ರದರ್ಶನ ಪಂದ್ಯ ಆಡುತ್ತೇವೆ ಎಂದು ಒಪ್ಪಿಕೊಂಡುಬಿಟ್ಟ.

ಎಡಬಿಡದೆ ಆಡುವುದೆಂದರೇನೆಂದು ಆಡದವರಿಗೆ ಹೇಳುವುದು ಕಷ್ಟ. ಮೊದಲ ದಿನದ ದಣಿವು ಸುಖದ ದಣಿವು. ಉಂಡು ಮಲಗಿದರೆ ಹೋಗುತ್ತದೆ. ಆದರೆ ಬೆಳಗಿನ ಜಾವಕ್ಕೆ ಎದ್ದು, ಮೂರನೇ ದರ್ಜೆಯ ಮರದ ಬೆಂಚಿನ ಮೇಲೆ ಮೊಣಕಾಲು ಎದೆಗೆ ಮಡಚಿಕೊಂಡು ಕೂತು, ಇಳಿದ ಊರಿನ ಸಿಮೆಂಟ್ ಅಂಕಣದ ಮೇಲೆ ಕ್ಯಾನ್‌ವಾಸ್ ಬೂಟಿನಲ್ಲಿ ಮತ್ತೆ ಜಿಗಿಯಬೇಕಾದಾಗ ಕಾಲು ಕಾಲಾಗಿರುವುದಿಲ್ಲ. ನೀರು ತುಂಬಿದ ಚೀಲ ಕಟ್ಟಿಕೊಂಡ ಹಾಗಿರುತ್ತದೆ. ಕಣ್ಣಿಗೆ ಚೆಂಡು ಕಾಣುತ್ತದೆ, ಮನಸ್ಸು ಹೋಗು ಎನ್ನುತ್ತದೆ, ದೇಹ ಒಂದು ಗಳಿಗೆ ತಡವಾಗಿ ಹೊರಡುತ್ತದೆ. ಆ ಒಂದು ಗಳಿಗೆಯಲ್ಲಿ ಎದುರಾಳಿ ದಾಟಿ ಹೋಗಿರುತ್ತಾನೆ. ದಿನವೂ ರಿಂಗಿನೊಳಗೆ ಬೀಳುತ್ತಿದ್ದ ಚೆಂಡು ಅದರ ಮುಂಭಾಗಕ್ಕೆ ಬಡಿದು ವಾಪಸು ಬರುತ್ತದೆ. ಎಸೆತಕ್ಕೆ ಬಲ ಬರುವುದು ಕೈಯಿಂದಲ್ಲ, ಕಾಲಿನಿಂದ. ಅದು ನಮಗೆ ಗೊತ್ತಾಗುವುದು ಕಾಲು ಸೋತ ದಿನವೇ.

ಬರೋಡಾದಲ್ಲಿ ಆಡಿ ಮುಗಿದಾಗ ಸುರತಿ ಬೂಟು ಬಿಚ್ಚಿ ಬಲಗಾಲಿನ ಹಿಮ್ಮಡಿಯನ್ನು ಉಜ್ಜಿಕೊಳ್ಳುತ್ತ ಕೂತಿದ್ದ. ಹಿಮ್ಮಡಿಯ ಮೇಲಿನ ದಪ್ಪ ನರ ಬಿಸಿಯಾಗಿ, ಗಟ್ಟಿಯಾಗಿ, ಎಳೆದು ಕಟ್ಟಿದ ಹಗ್ಗದಂತಿತ್ತು. ನಾಳೆ ಇವನನ್ನು ಕೂರಿಸಿ ಎಂದು ನಾನೇ ಹೋಗಿ ಮ್ಯಾನೇಜರನಿಗೆ ಕೇಳಿಕೊಂಡೆ. ಸೂರತ್ತಿನಲ್ಲಿ ಸೂರತ್ತಿನ ಹುಡುಗ ಆಡದಿದ್ದರೆ ಜನ ಏನನ್ನುತ್ತಾರೆ ಎಂದ. ಅವನ ಕೊರಳಲ್ಲಿ ಇನ್ನೂ ಆ ಸಂಜೆಯ ಮಾಲೆ ಇತ್ತು.

ಭಾನುವಾರ ಸೂರತ್ತಿನಲ್ಲಿ ಅವನ ಅಪ್ಪ, ಅವ್ವ, ಕಾಕಾ ಎಲ್ಲರೂ ಹೊಳೆ ದಾಟಿ ಆಟ ನೋಡಲು ಬಂದಿದ್ದರು. ಮೊದಲರ್ಧ ಅವನು ಹೇಗೋ ಆಡಿದ. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ, ಹತ್ತಿರ ಯಾರೂ ಇಲ್ಲದಾಗ, ಚೆಂಡಿಗಾಗಿ ಹೆಜ್ಜೆ ಊರಿದವನು ಥಟ್ಟನೆ ಕುಸಿದ. ಹಸಿ ಬಿದಿರು ಸೀಳಿದಂಥ ಸದ್ದು ನನಗೆ ಕೇಳಿಸಿತು. ಅವನು ಬಿದ್ದಲ್ಲಿಂದಲೇ ಹಿಂದೆ ತಿರುಗಿ, ಯಾರೋ ಒದ್ದರು ಎಂದುಕೊಂಡು, "ಯಾರು ಒದ್ದದ್ದು?" ಎಂದು ಕೇಳಿದ. ಹಿಂದೆ ಯಾರೂ ಇರಲಿಲ್ಲ.

ಮ್ಯಾನೇಜರ್ ಕುರ್ಚಿಯಿಂದ ಎದ್ದು ಅಂಕಣದ ಗೆರೆಯವರೆಗೆ ಬಂದ. "ನಾಟಕ ಮಾಡಬೇಡ. ಏಳು," ಎಂದ.

ಅವನು ಏಳಲು ನೋಡಿದ. ಪಾದ ಅವನ ಮಾತು ಕೇಳಲಿಲ್ಲ. ಅವನ ಅವ್ವ ಗೆರೆ ದಾಟಿ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾವು ನಾಲ್ವರು ಸೇರಿ ಅವನನ್ನು ಎತ್ತಿ ಒಯ್ದೆವು.

ನರ ಪೂರ್ತಿ ಹರಿದಿದೆ, ನಡೆದಾಡಿಯಾನು, ಇನ್ನು ಆಡಲಾರ ಎಂದರು ವೈದ್ಯರು. ಅದನ್ನಾದರೂ ನಾನು ಹಣೆಬರಹವೆಂದು ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಅದರ ಮೇಲೆ ಇನ್ನೊಂದು ನಡೆಯಿತು. ಒಳ್ಳೆಯ ಆಟಗಾರ ಹೇಗೆ ಬಿದ್ದ ಎಂದು ಶೇಠರು ಕೇಳಿದಾಗ, ಪಂದ್ಯದ ಹಿಂದಿನ ರಾತ್ರಿ ಸುರತಿ ಊರಿಗೆ ಹೋಗಿ ನೆಂಟರ ಜೊತೆ ಸೇಂದಿ ಕುಡಿದಿದ್ದ, ಆ ಅಮಲಿನಲ್ಲಿ ಬಿದ್ದ ಎಂದು ಮ್ಯಾನೇಜರ್ ಹೇಳಿದ. ಗುಜರಾತಿನಲ್ಲಿ ಪಾನನಿಷೇಧ. ಶೇಠರೋ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನುಷ್ಯ. ಮರು ಮಾತಿಲ್ಲದೆ ಸುರತಿಯನ್ನು ಕೆಲಸದಿಂದ ತೆಗೆದುಹಾಕಿದರು. ಶನಿವಾರ ರಾತ್ರಿ ಅವನು ಊರಿಗೇ ಹೋಗಿರಲಿಲ್ಲ. ಬರೋಡಾದ ಧರ್ಮಶಾಲೆಯಲ್ಲಿ ನನ್ನ ಪಕ್ಕ ಮಲಗಿದ್ದ, ನಾನು ಅವನ ಕಾಲಿಗೆ ಎಣ್ಣೆ ಹಚ್ಚಿದ್ದೆ.

ಇದನ್ನು ಹೇಳಲು ಶೇಠರ ಬಂಗಲೆಗೆ ಹೋದೆ. ಗೇಟಿನಲ್ಲೇ ತಡೆದರು. ಆಟಗಾರರ ಮಾತೇನಿದ್ದರೂ ಮ್ಯಾನೇಜರ್ ಮೂಲಕ ಬರಬೇಕಂತೆ. ನಾನು ಹೋಗಿದ್ದು ಅವನಿಗೆ ಮಾರನೆಯ ದಿನವೇ ಗೊತ್ತಾಯಿತು. ಅಂದಿನಿಂದ ತಂಡ ಆಡುವಾಗ ನನ್ನನ್ನು ಬೆಂಚಿನ ಮೇಲೆ ಕೂರಿಸತೊಡಗಿದ. ಅಂಕಣದೊಳಗಿನವರು ದಣಿದು ತೂರಾಡುತ್ತಿದ್ದರೂ ನನ್ನನ್ನು ಒಳಗೆ ಕಳಿಸುತ್ತಿರಲಿಲ್ಲ. ಒಂದು ದಿನ ಬೆಂಚಿನಿಂದ ಎದ್ದವನು ಮತ್ತೆ ಆ ಗಿರಣಿಗೆ ಕಾಲಿಡಲಿಲ್ಲ.

ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಮಲಗಿದರೆ ಆ ಬಿದಿರು ಸೀಳಿದ ಸದ್ದು. ಅಣ್ಣ ಸಮಾಧಾನದ ಮಾತಾಡುತ್ತಿದ್ದ. ದೊಡ್ಡವರ ಗೊಡವೆ ನಮಗೇಕೆ, ಬೇರೆ ಕೆಲಸ ನೋಡೋಣ ಎನ್ನುತ್ತಿದ್ದ. ವೈನಿ ಸಮಾಧಾನದ ಮಾತೇ ಆಡಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿ, ಪಲ್ಯ ಬಡಿಸಿದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಇಟ್ಟು ಅಲ್ಲೇ ಕೂತರು.

"ಸಿಟ್ಟು ಇಟ್ಕೋ, ಬ್ಯಾಡನ್ನಂಗಿಲ್ಲ ನಾ," ಎಂದರು. "ಆದ್ರ ಉಪಾಸ ಕೂತು, ನಿದ್ದಿಗೆಟ್ಟು ಯಾರೂ ಯಾರ ಮ್ಯಾಲೂ ಸೇಡು ತೀರಿಸ್ಕೊಂಡಿಲ್ಲ. ಮೊದ್ಲ ಉಣ್ಣು, ಆಮ್ಯಾಲೆ ಮಕ್ಕೋ. ಹಲ್ಲು ನಾಳೆನೂ ಕಡೀಬಹುದು."

ಅಂದು ಹೊಟ್ಟೆ ತುಂಬ ಉಂಡೆ. ಸಂಜೆಯವರೆಗೂ ಮಲಗಿದೆ. ಎದ್ದಾಗ ಸಿಟ್ಟು ಹಾಗೇ ಇತ್ತು, ಆದರೆ ತಲೆ ತಿಳಿಯಾಗಿತ್ತು.

ಬರೋಡಾದ ಒಂದು ಕಾರ್ಖಾನೆಯ ತಂಡ ನನ್ನನ್ನು ತೆಗೆದುಕೊಂಡಿತು. ಚಿಕ್ಕ ತಂಡ, ಎತ್ತರದವರಿಲ್ಲ, ಹೆಸರೂ ಇಲ್ಲ. ಹಿಂದಿನ ವರ್ಷ ನಮ್ಮ ಗಿರಣಿಯ ತಂಡ ಅವರನ್ನು ಆಟವಾಡಿಸಿ ಸೋಲಿಸಿತ್ತು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ನಾನೇ ಅದರ ನಾಯಕನಾದೆ. ಹುಡುಗರಿಗೆ ನಾನು ಹೊಸ ಚಮತ್ಕಾರವೇನೂ ಕಲಿಸಲಿಲ್ಲ. ಓಡುವುದನ್ನು ಕಲಿಸಿದೆ. ಬುಟ್ಟಿ ಬಿದ್ದರೂ ಓಡಬೇಕು, ಬೀಳದಿದ್ದರೂ ಓಡಬೇಕು, ಅಗತ್ಯವಿಲ್ಲದಿದ್ದರೂ ಓಡಬೇಕು, ಎದುರಾಳಿ ನಮ್ಮ ಹಿಂದೆ ಓಡುವಂತೆ ಮಾಡಬೇಕು. ಪಂದ್ಯದ ಹಿಂದಿನ ದಿನ ಮಾತ್ರ ಯಾರೂ ಚೆಂಡು ಮುಟ್ಟಕೂಡದು. ಇದು ಅವರಿಗೆ ವಿಚಿತ್ರವಾಗಿ ಕಂಡಿತು. ಸೋಮಾರಿತನ ಕಲಿಸುವ ನಾಯಕನನ್ನು ಅವರು ನೋಡಿರಲಿಲ್ಲ. ಅವರ ಬಗ್ಗೆ ನನಗೆ ಪ್ರೀತಿ ಇತ್ತು. ಆದರೆ ಪ್ರತಿ ಬೆಳಿಗ್ಗೆ ನಾನು ಮೈದಾನಕ್ಕೆ ಇಳಿಯುತ್ತಿದ್ದದ್ದು ಒಬ್ಬ ಮನುಷ್ಯನ ಮುಖ ನೆನೆಸಿಕೊಂಡು.

ಚಳಿಗಾಲ ಬಂತು. ಅದೇ ಪಂದ್ಯಾವಳಿ ಮತ್ತೆ ಶುರುವಾಯಿತು. ನಮ್ಮ ಚಿಕ್ಕ ತಂಡ ಗೆಲ್ಲುತ್ತ ಗೆಲ್ಲುತ್ತ ಫೈನಲ್ ಮುಟ್ಟಿತು. ಎದುರು ತಂಡ ಗಿರಣಿಯದೇ. ಪಂದ್ಯ ಭಾನುವಾರ ಸಂಜೆ, ಬರೋಡಾದಲ್ಲಿ.

ಅದಕ್ಕೆ ಕೆಲವು ದಿನ ಮೊದಲು ಸುರತಿಯನ್ನು ನೋಡಲು ಅಡಾಜಣಕ್ಕೆ ಹೋದೆ. ಅವನಿಗೆ ಸೂರತ್ತಿನ ಪಾಂಡೇಸರಾದ ಹೊಸ ಕೈಗಾರಿಕಾ ವಸಾಹತಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಒಂದು ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಕೋಲು ಹಿಡಿದು, ಬಲಗಾಲನ್ನು ಚಪ್ಪಟೆಯಾಗಿ ಊರುತ್ತ ನಡೆಯುತ್ತಿದ್ದ. ಮಾತಿನ ನಡುವೆ ಅವನು ಒಂದು ಸುದ್ದಿ ಹೇಳಿದ. ಅಲ್ಲಿಯ ಗಿರಣಿಯವರೆಲ್ಲ ಸೇರಿ ಕೆಲಸಗಾರರಿಗಾಗಿ ಹೊಸ ಅಂಕಣ ಕಟ್ಟಿಸಿದ್ದಾರೆ, ಉದ್ಘಾಟನೆಗೆ ಯಾವ ತಂಡವನ್ನು ಕರೆಯಬೇಕೆಂದು ತನ್ನನ್ನೇ ಕೇಳಿದ್ದಾರೆ ಎಂದ. ದಿನ ಇನ್ನೂ ನಿಗದಿಯಾಗಿರಲಿಲ್ಲ.

ಫೈನಲಿನ ಹಿಂದಿನ ಶುಕ್ರವಾರ ನನ್ನ ಹಳೆಯ ಗಿರಣಿಯ ತಂಡ ಅಹಮದಾಬಾದಿನ ಅಂಚಿನ ನರೋಡಾದ ಕಾರ್ಖಾನೆಯೊಂದರ ಸಮಾರಂಭದಲ್ಲಿ ಆಡಲು ಒಪ್ಪಿಕೊಂಡಿರುವುದು ನನಗೆ ಆಗಲೇ ಗೊತ್ತಿತ್ತು. ಅದನ್ನು ಮ್ಯಾನೇಜರ್ ತಾನಾಗಿ ಒಪ್ಪಿಕೊಂಡಿದ್ದ. ಉಳಿದದ್ದು ಶನಿವಾರ.

"ಅವನನ್ನೇ ಕರೆಸು," ಎಂದೆ. "ಶನಿವಾರ ಸಂಜೆಗೆ. ಮುಖ್ಯ ಅತಿಥಿ ಅಂತ ಕರೆಸು. ಭಾಷಣ ಇರಲಿ, ದೊಡ್ಡ ಮಾಲೆ ಇರಲಿ."

ಸುರತಿ ಕೋಲನ್ನು ಪಕ್ಕಕ್ಕಿಟ್ಟ. ತಾಪಿಯ ಕಡೆ ನೋಡುತ್ತ ಕೂತ. "ಓಡೋದು ಅವನಲ್ಲವಲ್ಲ ಭಾಯ್," ಎಂದ ಕೊನೆಗೆ. "ಓಡೋದು ನಮ್ಮ ಹುಡುಗರು."

"ಅವನು ಬೇಡ ಅನ್ನಬಹುದು. ಮರುದಿನ ಫೈನಲ್ ಇದೆ ಅಂತ ಅವನಿಗೂ ಗೊತ್ತು. ಒಂದು ಸಲ ಬೇಡ ಅಂದರೆ ಸಾಕು, ನನ್ನ ಸೇಡು ಅಲ್ಲಿಗೆ ಮುಗಿಯಿತು."

ಈ ಮಾತು ನಾನು ನಿಜವಾಗಿಯೇ ಆಡಿದ್ದು. ಮ್ಯಾನೇಜರ್ ಬೇಡವೆನ್ನಲಾರ ಎಂದು ನನಗೆ ಗೊತ್ತಿತ್ತು, ಅದೂ ನಿಜ. ಸುರತಿ ಅಲ್ಲಿಯ ಗಿರಣಿಯವರ ಹೆಸರಿನಲ್ಲಿ ಕರೆಸಿದ. ಮುಖ್ಯ ಅತಿಥಿ ಎಂಬ ಮಾತು ಕೇಳಿದ್ದೇ ಮ್ಯಾನೇಜರ್ ಸಂತೋಷದಿಂದ ಒಪ್ಪಿದನಂತೆ. ತನ್ನ ಭಾಷಣಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ವಿಚಾರಿಸಿದನಂತೆ.

ಅಹಮದಾಬಾದಿನಿಂದ ಸೂರತ್ತಿಗೆ ಹೋಗುವ ಗಾಡಿ ಬರೋಡಾ ದಾಟಿಯೇ ಹೋಗಬೇಕು. ಶನಿವಾರ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋಗಿ ನಿಂತೆ. ನೋಡದೆ ಇರಲು ಆಗಲಿಲ್ಲ. ಮೂರನೇ ದರ್ಜೆಯ ಡಬ್ಬಿಯಲ್ಲಿ ನನ್ನ ಹಳೆಯ ಜೊತೆಗಾರರು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಉದ್ದನೆಯ ಕಾಲುಗಳು ಎಲ್ಲಿ ಹೋಗಬೇಕೋ ತಿಳಿಯದೆ ಮಡಚಿಕೊಂಡಿದ್ದವು. ಸುರತಿಯ ಜಾಗಕ್ಕೆ ಬಂದಿದ್ದ ಖೇಡಾ ಕಡೆಯ ಎಡಗೈಯ ಆಟಗಾರ ಮಾತ್ರ ಎಚ್ಚರವಾಗಿದ್ದ. ನನ್ನನ್ನು ನೋಡಿ ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ. ಮ್ಯಾನೇಜರ್ ಮೊದಲನೇ ದರ್ಜೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ.

ಅಂದು ಮಧ್ಯಾಹ್ನ ನನ್ನ ಹುಡುಗರನ್ನೆಲ್ಲ ಒಂದು ಕೋಣೆಯಲ್ಲಿ ಮಲಗಿಸಿ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ. ಅವರು ಗೊಣಗಿದರು, ಇಸ್ಪೀಟು ಆಡುತ್ತೇವೆ ಎಂದರು, ಆಮೇಲೆ ಒಬ್ಬೊಬ್ಬರಾಗಿ ಗೊರಕೆ ಹೊಡೆದರು. ಆ ಗೊರಕೆಯನ್ನು ನಾನು ಸಂಗೀತ ಕೇಳಿದ ಹಾಗೆ ಕೇಳಿದೆ.

ಭಾನುವಾರ ಮೈದಾನ ತುಂಬಿತ್ತು. ಅಣ್ಣ, ವೈನಿ ಬೆಳಗಿನ ಗಾಡಿಗೆ ಬಂದಿದ್ದರು. ಸುರತಿ ಒಂದು ಮೂಲೆಯಲ್ಲಿ ಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಗಿರಣಿಯ ಶೇಠರು ಆ ವರ್ಷ ಮೊದಲ ಸಲ ಫೈನಲ್ ನೋಡಲು ಮೋಟಾರಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲೇ ಮ್ಯಾನೇಜರ್, ಇಸ್ತ್ರಿ ಮುರಿಯದ ಕೋಟಿನಲ್ಲಿ.

ಮೊದಲಿಗೆ ಅವರೇ ಮುಂದಿದ್ದರು. ದಣಿದ ತಂಡ ಆರಂಭದಲ್ಲಿ ಚೆನ್ನಾಗಿಯೇ ಆಡುತ್ತದೆ. ಜನರ ಕೂಗಿಗೆ ಮೈ ಒಂದಿಷ್ಟು ಸಾಲ ಕೊಡುತ್ತದೆ. ನನ್ನ ಹುಡುಗರು ಗಾಬರಿಯಾದರು. ನಾನು ಕಾದೆ. ದಣಿವಿನ ಮೊದಲ ಗುರುತು ಕಾಲಿನಲ್ಲಿ ಕಾಣುವುದಿಲ್ಲ, ಬಾಯಿಯಲ್ಲಿ ಕಾಣುತ್ತದೆ. ಆಡುವವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿರುತ್ತಾರೆ, ಎಡಕ್ಕೆ ಬಂದ, ನಿನ್ನ ಹಿಂದಿದ್ದಾನೆ, ಚೆಂಡು ಇತ್ತ ಕೊಡು, ಎಂದು. ಮೊದಲರ್ಧ ಮುಗಿಯುವ ಮುಂಚೆ ಗಿರಣಿಯವರ ಬಾಯಿ ನಿಂತಿತು. ಅಂಕಣದಲ್ಲಿ ಬರೀ ಬೂಟಿನ ಸದ್ದು, ಉಸಿರಿನ ಸದ್ದು. ಇನ್ನು ಆಯಿತು ಎಂದುಕೊಂಡೆ. ನನ್ನವರಿಗೆ ಕಣ್ಸನ್ನೆ ಮಾಡಿದೆ, ಓಡತೊಡಗಿದೆವು.

ಎರಡನೇ ಅರ್ಧದಲ್ಲಿ ಅವರ ಎಸೆತಗಳು ಒಂದೊಂದಾಗಿ ರಿಂಗಿನ ಮುಂಭಾಗಕ್ಕೆ ಬಡಿದು ಬೀಳತೊಡಗಿದವು. ಎದೆಗೆ ಬರಬೇಕಾದ ಪಾಸು ಮೊಣಕಾಲಿಗೆ ಬರುತ್ತಿತ್ತು. ಆಟ ನಿಂತಾಗಲೆಲ್ಲ ಚಡ್ಡಿಯ ಅಂಚು ಹಿಡಿದು ಬಗ್ಗಿ ನಿಲ್ಲುತ್ತಿದ್ದರು. ಯಾರಿಗೆ ಯಾವ ಕಡೆ ತಿರುಗುವುದು ಕಷ್ಟ, ಯಾರು ಮೊದಲು ಸೋಲುತ್ತಾನೆ, ಎಲ್ಲವೂ ನನಗೆ ಗೊತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡವರಲ್ಲವೇ ನಾವು. ಆ ತಿಳಿವಳಿಕೆಯನ್ನೆಲ್ಲ ಅಂದು ನಾನು ಬಳಸಿದೆ. ಪ್ರತಿ ಬುಟ್ಟಿ ಬಿದ್ದಾಗಲೂ ಮುಂದಿನ ಸಾಲಿನ ಕಡೆ ನೋಡುತ್ತಿದ್ದೆ. ಮ್ಯಾನೇಜರ್ ಮೊದಲು ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಆಮೇಲೆ ಕಾಲು ಇಳಿಸಿದ, ಆಮೇಲೆ ಕುರ್ಚಿಯ ಅಂಚಿಗೆ ಬಂದ. ಅದನ್ನು ನೋಡುವುದಕ್ಕಾಗಿಯೇ ನಾನು ಒಂದು ವರ್ಷ ಓಡಿದ್ದೆ.

ಆಗ ಆ ಎಡಗೈಯವನು ಬಗ್ಗಿ ತನ್ನ ಹಿಮ್ಮಡಿ ಮುಟ್ಟಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಮುಟ್ಟಿಕೊಂಡ. ಹೆಜ್ಜೆ ಬೆರಳಿನ ಮೇಲೆ ಬೀಳುತ್ತಿರಲಿಲ್ಲ, ಪಾದ ಪೂರ್ತಿ ಊರುತ್ತಿದ್ದ. ನಾನು ಕೆಡವಬೇಕೆಂದಿದ್ದು ಕುರ್ಚಿಯ ಮೇಲೆ ಕೂತವನನ್ನು. ಈ ಕಾಲು ನನಗೆ ಬೇಡವಾಗಿತ್ತು.

ಯಾರೋ ಫ್ರೀ ಥ್ರೋ ಎಸೆಯುವಾಗ ಸಾಲಿನಲ್ಲಿ ಅವನ ಪಕ್ಕ ನಿಂತೆ. "ಹೋಗಿ ಕೂತುಕೋ," ಎಂದೆ. "ಸುರತಿಗೆ ಬರೋಡಾದಲ್ಲಿ ಹೀಗೇ ಆಗಿತ್ತು. ಮರುದಿನ ಹರಿಯಿತು."

ಗೆಲ್ಲುವುದಕ್ಕಾಗಿ ಹೇಳುತ್ತಿದ್ದೇನೆ ಎಂದು ಅವನು ಅನುಮಾನ ಪಟ್ಟಿರಬೇಕು. ನನ್ನ ಮುಖ ನೋಡಿದ. ಆಮೇಲೆ ಮೂಲೆಯಲ್ಲಿ ಕೋಲು ಹಿಡಿದು ಕೂತವನನ್ನು ನೋಡಿದ. ತಮ್ಮ ಬೆಂಚಿನ ಕಡೆ ಕೈ ಎತ್ತಿ, ಬೇರೆಯವನನ್ನು ಕಳಿಸಿ ಎಂದು ಸನ್ನೆ ಮಾಡಿದ. ಮ್ಯಾನೇಜರ್ ಎದ್ದು ನಿಂತು ಬೇಡ, ಆಡು ಎಂದು ಕೈಯಾಡಿಸಿದ. ಎಡಗೈಯವನು ಅಂಕಣದಿಂದ ನಡೆದುಕೊಂಡೇ ಹೊರಗೆ ಬಂದ. ಶೇಠರ ಎದುರಿಗೇ, ಗೆರೆಯ ಆಚೆ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ.

"ನಾಟಕ ಮಾಡಬೇಡ. ಏಳು," ಎಂದ ಮ್ಯಾನೇಜರ್.

ಆ ಮಾತಿಗೆ ಗಿರಣಿಯ ತಂಡದ ನಾಯಕ ಆಟ ಬಿಟ್ಟು ಬಂದ. ನನಗಿಂತ ಹಿರಿಯ, ಬಹಳ ಸೌಮ್ಯ ಮನುಷ್ಯ. ಸುರತಿಯನ್ನು ಎತ್ತಿ ಒಯ್ದ ನಾಲ್ವರಲ್ಲಿ ಅವನೂ ಒಬ್ಬ. ಮ್ಯಾನೇಜರನ ಕಡೆ ನೋಡದೆ ಶೇಠರಿಗೆ ಕೈಮುಗಿದ.

"ಶೇಠ್‌ಜಿ, ಮೊನ್ನೆ ನರೋಡಾದಲ್ಲಿ ಆಡಿದೆವು. ನಿನ್ನೆ ಸೂರತ್ತಿನಲ್ಲಿ. ಇಂದು ಇಲ್ಲಿ. ಹೋದ ವರ್ಷವೂ ಹೀಗೇ ಆಡಿದೆವು. ಆ ಹುಡುಗ ಕುಡಿದು ಬೀಳಲಿಲ್ಲ. ಕಾಲಿಲ್ಲದೆ ಬಿದ್ದ."

ಶೇಠರು ಮ್ಯಾನೇಜರನತ್ತ ತಿರುಗಿದರು. "ನಿನ್ನೆ ಸೂರತ್ತಿಗೆ ಹೋಗಿದ್ದಿರಾ?"

ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಗಿರಣಿಯ ಹೆಸರು, ಕೀರ್ತಿ, ಸಂಬಂಧ ಎಂಬ ಮಾತುಗಳು ತುಂಡು ತುಂಡಾಗಿ ಬಂದವು. ಶೇಠರು ದನಿ ಎತ್ತಲಿಲ್ಲ. ತಮಗೆ ಹೇಳದೆ ಯಾಕೆ ಹೋದಿರಿ ಎಂದು ಮಾತ್ರ ಕೇಳಿದರು. ಮುಂದಿನ ಸಾಲಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರಿತು. ನಾನು ಸೊಂಟದ ಮೇಲೆ ಕೈಯಿಟ್ಟು, ಅವಸರವಿಲ್ಲದೆ ನಿಂತು, ಅದನ್ನು ಕಣ್ತುಂಬ ನೋಡಿದೆ.

ಬದಲಿ ಆಟಗಾರ ಬಂದು ಪಂದ್ಯ ಮುಂದುವರಿಯಿತು. ನಾವು ದೊಡ್ಡ ಅಂತರದಿಂದ ಗೆದ್ದೆವು. ಕಪ್ ನನ್ನ ಕೈಗೆ ಬಂದಾಗ ವೈನಿ ಚಪ್ಪಾಳೆ ತಟ್ಟುತ್ತಿದ್ದರು. ಅಣ್ಣ ಸುತ್ತಲಿನವರನ್ನು ನೋಡಿ ಮುಜುಗರ ಪಡುತ್ತಿದ್ದ. "ಅವನ ಮಾರಿ ನೋಡಿದ್ರಿ?" ಎಂದು ಅವರು ಅಣ್ಣನನ್ನು ಕೇಳಿದ್ದು ನನಗೆ ಕೇಳಿಸಿತು. "ಹಿಂಗ ಆಗಬೇಕಿತ್ತು."

ಸುರತಿಯನ್ನು ಹುಡುಕಿದೆ. ಅವನು ನನ್ನ ಬಳಿ ಬಂದಿರಲಿಲ್ಲ. ಗಿರಣಿಯವರ ಬೆಂಚಿನ ಹತ್ತಿರ ಕಷ್ಟಪಟ್ಟು ನೆಲಕ್ಕೆ ಕೂತು, ಆ ಎಡಗೈಯವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಹಿಮ್ಮಡಿಯ ನರವನ್ನು ಮೇಲಿನಿಂದ ಕೆಳಗೆ ಒತ್ತಿ ನೋಡುತ್ತಿದ್ದ. ಹರಿದಿಲ್ಲ, ಊದಿದೆ ಅಷ್ಟೇ ಎಂದ. ಹೋಳಿಯವರೆಗೆ ಬೂಟು ಹಾಕಬೇಡ, ಯಾರು ಹೇಳಿದರೂ ಹಾಕಬೇಡ ಎಂದು ಅವನಿಗೆ ಆಣೆ ಮಾಡಿಸಿದ. ನನ್ನನ್ನು ನೋಡಿ, ಏಳಲು ಕೈ ಕೊಡು ಎಂದು ಕೈ ಚಾಚಿದ. ಎಬ್ಬಿಸಿದೆ. ನನ್ನ ಬೆನ್ನು ತಟ್ಟಿದ.

ತಿಂಗಳೊಳಗೆ ಮ್ಯಾನೇಜರನ ಕೈಯಿಂದ ತಂಡ ಹೋಯಿತು. ಅವನನ್ನು ಗಿರಣಿಯ ಉಗ್ರಾಣಕ್ಕೆ ಹಾಕಿದರೆಂದು ಹಳೆಯ ಜೊತೆಗಾರರು ಹೇಳಿದರು. ಅಲ್ಲಿಗೆ ಮಾಲೆ ತರುವವರು ಯಾರೂ ಇರಲಿಲ್ಲ. ಶೇಠರು ಸುರತಿಗೆ ಮತ್ತೆ ಕೆಲಸಕ್ಕೆ ಬಾ ಎಂದು ಹೇಳಿ ಕಳಿಸಿದರು. ಅವನು ಹೋಗಲಿಲ್ಲ. ಪಾಂಡೇಸರಾದ ಆ ಹೊಸ ಅಂಕಣದಲ್ಲಿ ಕೆಲಸಗಾರರ ತಂಡ ಕಟ್ಟಿ, ಕುರ್ಚಿಯಲ್ಲಿ ಕೂತೇ ಆಟ ಕಲಿಸತೊಡಗಿದ.

ಸೇಡು ತೀರಿಸಿಕೊಂಡವನಿಗೆ ಆಮೇಲೆ ಎದೆ ಬರಿದಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆ ಚಳಿಗಾಲವೆಲ್ಲ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ.

ಮರುವರ್ಷದ ಬೇಸಿಗೆಯಲ್ಲಿ ಅಹಮದಾಬಾದ್ ಸ್ಟೇಷನ್ನಿನಲ್ಲಿ ಮ್ಯಾನೇಜರ್ ಎದುರಾದ. ಕೂದಲು ಬೆಳ್ಳಗಾಗಿತ್ತು. ತಾನೇ ಬಂದು ನನ್ನ ಮುಂದೆ ನಿಂತ. ಸೂರತ್ತಿಗೆ ಕರೆಸಿದ್ದು ನನ್ನ ಕೆಲಸವೆಂದು ಅವನಿಗೆ ಯಾರೋ ಹೇಳಿದ್ದರು.

"ನಿನಗೆ ನಾನೇನು ಮಾಡಿದ್ದೆ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದವನ ಹಾಗೆ ಕೇಳಿದ. "ಬೆಂಚಿನ ಮೇಲೆ ಕೂರಿಸಿದೆ ಅಂತಲಾ?"

"ನನಗಲ್ಲ ಸಾಹೇಬ್. ಸುರತಿಗೆ."

"ಯಾವ ಸುರತಿ?" ಎಂದ. ಹಣೆ ಗಂಟಿಕ್ಕಿಕೊಂಡು ನೆನಪು ಮಾಡಿಕೊಳ್ಳಲು ನೋಡಿದ. ಸ್ವಲ್ಪ ಹೊತ್ತಾದ ಮೇಲೆ, "ಓ, ಆ ಕುಡಿಯುತ್ತಿದ್ದ ಹುಡುಗನಾ?" ಎಂದ.

ತಾನು ಹೇಳಿದ ಸುಳ್ಳನ್ನು ಅವನು ತಾನೇ ನಂಬಿಕೊಂಡಿದ್ದ. ಅವನ ಕೋಟಿನ ಗುಂಡಿಯೊಂದು ಕಿತ್ತು ದಾರ ಜೋತಾಡುತ್ತಿತ್ತು. ಅಲ್ಲಿಯವರೆಗೆ ಮನಸ್ಸಿನ ಒಂದು ಮೂಲೆಯಲ್ಲಿ ಇವನಿಗೂ ವಯಸ್ಸಾಯಿತಲ್ಲ ಎಂದು ಅನ್ನಿಸುತ್ತಿತ್ತು. ಅದು ಅಲ್ಲಿಗೇ ನಿಂತಿತು. ಉಗ್ರಾಣದ ಶಿಕ್ಷೆ ಇವನಿಗೆ ಕಡಿಮೆಯಾಯಿತು ಎಂದುಕೊಂಡೆ. ಬರೋಡಾದ ಗಾಡಿ ಬಂದಿತ್ತು. ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಎದುರಿನ ಬೆಂಚು ಖಾಲಿಯಿದ್ದುದರಿಂದ ಕಾಲು ನೀಡಿ ಕೂತೆ.